ಮೈಸೂರಿನ ಹಳೇ ಬಡಾವಣೆಯಲ್ಲಿ ಮನೆ ಕೊಳ್ಳುವವರಿಗೆ: ಮೊದಲು ಬೀದಿ ನೋಡಿ

ಮೈಸೂರಿನಲ್ಲಿ ಮನೆ ಹುಡುಕುವವರು ಬ್ರೋಕರ್‌ಗೆ ಮೊದಲು ಹೇಳುವ ಮಾತು, "ಏರಿಯಾ ಸೈಲೆಂಟ್ ಆಗಿರ್ಬೇಕು ಸಾರ್." ಅವರೂ ಆಯ್ತು ಅಂತ ಬೆಳಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಕ್ಕಳು ಶಾಲೆಗೆ ಹೋಗಿರುತ್ತಾರೆ, ದೊಡ್ಡವರು ಕೆಲಸಕ್ಕೆ. ಆ ಹೊತ್ತಿನಲ್ಲಿ ಸದ್ದು ಮಾಡುವ ಬೀದಿ ಯಾವುದಿದೆ ಹೇಳಿ! ಮನೆ ಸರಿಯಿಲ್ಲದಿದ್ದರೆ ರಿಪೇರಿ ಮಾಡಿಸಬಹುದು. ಬೀದಿಯನ್ನು ರಿಪೇರಿ ಮಾಡಿಸೋಕೆ ಆಗಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹಳೇ ಬಡಾವಣೆ ಅಂದರೆ ನನ್ನ ಲೆಕ್ಕದಲ್ಲಿ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಯಾದವಗಿರಿ, ಗೋಕುಲಂ, ಕುವೆಂಪುನಗರ, ಈ ಥರದವು. ಮೈಸೂರಿಗೆ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂದದ್ದು 1903ರಲ್ಲಿ. ಅದರ ಜಾಗಕ್ಕೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂದದ್ದು 1988ರಲ್ಲಿ. ರಸ್ತೆ ಮೊದಲು, ಮನೆ ಆಮೇಲೆ ಅನ್ನುವ ಕ್ರಮ ಇಲ್ಲಿ ತುಂಬಾ ಹಳೆಯದು. ನೇರ ಮೇನ್‌ಗಳು, ಕ್ರಾಸ್‌ಗಳು, ಅಲ್ಲಲ್ಲಿ ಪಾರ್ಕು, ಕೆಲವು ಕಡೆ ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕಸ, ಚರಂಡಿ ಕೆಲಸದವರು ಓಡಾಡೋಕೆ ಬಿಟ್ಟ ಕಿರಿದಾದ ದಾರಿ. ಆದರೆ ಈ ಬೀದಿಗಳು ಇಷ್ಟು ಸುಮ್ಮನಿರೋದಕ್ಕೆ ಪ್ಲಾನಿಂಗ್ ಒಂದೇ ಕಾರಣ ಅಂತ ತಿಳಿಯಬೇಡಿ. ಯೂನಿವರ್ಸಿಟಿಯಲ್ಲೋ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿದು ರಿಟೈರ್ ಆದವರು ಇಲ್ಲಿ ಜಾಸ್ತಿ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲ ನ್ಯೂಜೆರ್ಸಿಯಲ್ಲಿ. 40-60ರ ಸೈಟಿನ ಮನೆಯಲ್ಲಿ ಇಬ್ಬರೇ. ಪಕ್ಕದ ಮನೆಗೆ ಬೀಗ. ಸದ್ದು ಮಾಡೋಕೆ ಜನವೇ ಇಲ್ಲ.

ಈ ಕಾರಣ ತಲೆಯಲ್ಲಿಟ್ಟುಕೊಳ್ಳಿ, ಯಾಕೆಂದರೆ ನಿಮ್ಮ ಅರ್ಧ ತೊಂದರೆಗಳೂ ಇದರಿಂದಲೇ ಬರುತ್ತವೆ. ಯಜಮಾನರು ತೀರಿಕೊಂಡ ಮೇಲೋ, ಮಕ್ಕಳ ಹತ್ತಿರ ಹೋಗಿ ಇರೋಣ ಅಂತ ತೀರ್ಮಾನ ಮಾಡಿದ ಮೇಲೋ ಈ ಮನೆಗಳು ಮಾರಾಟಕ್ಕೆ ಬರುತ್ತವೆ. ಅಂದರೆ ಒಂದು ಮನೆಗೆ ನಾಲ್ಕೈದು ವಾರಸುದಾರರು, ಅವರು ಎರಡು ಮೂರು ದೇಶಗಳಲ್ಲಿ. ಜೊತೆಗೆ ನಿಮ್ಮ ಪಕ್ಕದ ಮನೆಯೂ ಇನ್ನು ಕೆಲವು ವರ್ಷಕ್ಕೆ ಹೀಗೇ ಮಾರಾಟಕ್ಕೆ ಬರಬಹುದು. ಅದನ್ನು ಕೊಳ್ಳುವವರು ಕೆಡವಿ ನಾಲ್ಕು ಅಂತಸ್ತಿನ ಪಿಜಿ ಕಟ್ಟಬಹುದು.

ಬೀದಿ ನೋಡುವ ಬಗೆ

ಬ್ರೋಕರ್ ಇಲ್ಲದೆ ಹೋಗಿ. ಬೆಳಗ್ಗೆ ಆರಕ್ಕೆ ಒಮ್ಮೆ, ಶಾಲೆ ವ್ಯಾನ್‌ಗಳು ಓಡಾಡುವ ಎಂಟೂವರೆಗೆ ಒಮ್ಮೆ, ಶನಿವಾರ ರಾತ್ರಿ ಒಂಬತ್ತರ ಮೇಲೆ ಒಮ್ಮೆ. ಸುಮ್ನೆ ಬೈಕಿನಲ್ಲಿ ಸುತ್ತಿ ಬಂದರೆ ಆಗಲ್ಲ. ಎಲ್ಲಾದರೂ ನಿಲ್ಲಿಸಿ, ಅರ್ಧ ಗಂಟೆ ನಡೆಯಿರಿ. ಜೋರು ಮಳೆ ಬಂದ ದಿನ ಹೋಗೋಕೆ ಸಿಕ್ಕಿದರೆ ಬಿಡಬೇಡಿ, ನೀರು ಯಾವ ಕಡೆಯಿಂದ ಬಂದು ಯಾವ ಗೇಟಿನ ಮುಂದೆ ನಿಲ್ಲುತ್ತದೆ ಅನ್ನೋದು ಅವತ್ತೇ ಗೊತ್ತಾಗೋದು. ಮೈಸೂರಿನಲ್ಲಿ ಮೇ ತಿಂಗಳಿನ ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಮಳೆ, ಇವೆರಡೂ ಒಳ್ಳೆ ಪರೀಕ್ಷೆ.

ಏನೇನು ನೋಡಬೇಕು? ಬೀದಿಯಲ್ಲಿ ಬೀಗ ಹಾಕಿದ ಮನೆ ಎಷ್ಟು, ಖಾಲಿ ಸೈಟ್ ಎಷ್ಟು, "ಮಾರಾಟಕ್ಕಿದೆ" ಬೋರ್ಡ್ ಎಷ್ಟು. ಇವೆಲ್ಲ ಮುಂದೆ ಬರುವ ಕಾಂಕ್ರೀಟ್ ಮಿಕ್ಸರ್‌ಗಳ ಲೆಕ್ಕ. ನಿಮ್ಮ ಮನೆಗೆ ಅಂಟಿಕೊಂಡಂತೆ ಖಾಲಿ ಸೈಟ್ ಇದ್ದರೆ, ಇವತ್ತು ಗಾಳಿ ಬೆಳಕು ಚೆನ್ನಾಗಿದೆ ಅನ್ನೋದನ್ನು ನಂಬಬೇಡಿ. ಅಲ್ಲಿ ಮೂರು ಫ್ಲೋರ್ ಎದ್ದರೆ ಏನಾಗುತ್ತದೆ ಅಂತ ಕಲ್ಪಿಸಿಕೊಂಡು ಬೆಲೆ ಕಟ್ಟಿ.

ಕಲ್ಯಾಣ ಮಂಟಪ ಹತ್ತಿರ ಇದೆಯಾ ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ಆಷಾಢದಲ್ಲಿ ಮನೆ ನೋಡಿದರೆ ಛತ್ರದ ಪಕ್ಕದ ಮನೆಯೂ ತಪೋವನದ ಹಾಗಿರುತ್ತದೆ. ಶ್ರಾವಣ ಬರಲಿ. ಬೆಳಗಿನ ಜಾವಕ್ಕೇ ಓಲಗ, ಬೀದಿ ತುಂಬಾ ಕಾರು, ನಿಮ್ಮ ಗೇಟಿಗೆ ಅಡ್ಡ ಒಂದು ಟೆಂಪೋ ಟ್ರಾವೆಲರ್. ಅದರ ಡ್ರೈವರ್ ಎಲ್ಲಿ ಅಂತ ಯಾರಿಗೂ ಗೊತ್ತಿರಲ್ಲ. ಊಟದ ಎಲೆ ರಾಶಿ ಬೀಳುವ ಕಡೆ ನಾಯಿಗಳೂ ಸೇರಿರುತ್ತವೆ.

ಪಾರ್ಕ್ ಎದುರಿನ ಮನೆ ಅಂದರೆ ಬೆಲೆ ಜಾಸ್ತಿ ಹೇಳುತ್ತಾರೆ. ಪಾರ್ಕ್ ಒಳ್ಳೆಯದೇ. ಆದರೆ ಬೆಳಗ್ಗೆ ಐದೂವರೆಗೆ ನಗೆಕೂಟದವರು ಹ್ಹಹ್ಹಹ್ಹ ಅನ್ನೋದನ್ನೂ, ಗಣಪತಿ ಹಬ್ಬಕ್ಕೆ ಪೆಂಡಾಲ್ ಎಲ್ಲಿ ಹಾಕುತ್ತಾರೆ ಅನ್ನೋದನ್ನೂ ಕೇಳಿಕೊಂಡು ದುಡ್ಡು ಕೊಡಿ. ಯಾದವಗಿರಿಯ ಪಕ್ಕದಲ್ಲೇ ರೈಲು ಹಳಿ ಇದೆ, ಯಾವ ಕ್ರಾಸಿಗೆ ಹಾರನ್ ಎಷ್ಟು ಕೇಳುತ್ತದೆ ಅಂತ ರಾತ್ರಿ ಹೋಗಿ ನಿಂತೇ ತಿಳಿಯಬೇಕು. ಇಟ್ಟಿಗೆಗೂಡಿನ ಕಡೆ ಮೃಗಾಲಯದ ಸಿಂಹ ಗರ್ಜಿಸೋದು ಕೇಳಿಸುತ್ತದೆ. ಅದು ನಿಮಗೆ ತೊಂದರೆಯೋ ಖುಷಿಯೋ ನೀವೇ ಹೇಳಬೇಕು. ನನ್ನ ಮಟ್ಟಿಗೆ ಬೈಕ್ ಸೈಲೆನ್ಸರ್‌ಗಿಂತ ಸಿಂಹವೇ ವಾಸಿ.

ಇನ್ನೊಂದು ವಿಷಯ, ರಸ್ತೆ ಯಾವುದನ್ನು ಯಾವುದಕ್ಕೆ ಸೇರಿಸುತ್ತದೆ ಅನ್ನೋದು. ಎರಡು ದೊಡ್ಡ ರಸ್ತೆಗಳ ನಡುವೆ ಶಾರ್ಟ್‌ಕಟ್ ಆಗುವ ಕ್ರಾಸ್ ಇದ್ದರೆ ಮೊಬೈಲ್ ಮ್ಯಾಪ್ ಎಲ್ಲರನ್ನೂ ಅಲ್ಲಿಗೇ ಕಳಿಸುತ್ತದೆ. ಡೆಡ್ ಎಂಡ್ ಇರುವ ಬೀದಿ ಅಂತ ಜನ ಮೂಗು ಮುರಿಯುತ್ತಾರೆ, ವಾಸ್ತು ಹೇಳುತ್ತಾರೆ, ಆದರೆ ಸದ್ದು ಬೇಡ ಅನ್ನುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ವಾಸ್ತು ನಂಬದವರಿಗೆ ದಕ್ಷಿಣ ದಿಕ್ಕಿನ ಮನೆಯಲ್ಲೂ ಲಾಭ ಇದೆ, ಪೂರ್ವ ಅಥವಾ ಉತ್ತರದ ಮನೆಗಿಂತ ಚೌಕಾಶಿಗೆ ಜಾಗ ಜಾಸ್ತಿ. ನೆನಪಿರಲಿ, ನೀವು ಮಾರುವಾಗಲೂ ಅದೇ ಚೌಕಾಶಿ ನಡೆಯುತ್ತದೆ.

ಜಯಲಕ್ಷ್ಮೀಪುರದ ಕಾಳಿದಾಸ ರಸ್ತೆ ನೋಡಿ. ಈಗ ಅಲ್ಲಿ ಅಂಗಡಿ, ಹೋಟೆಲು, ಸಂಜೆ ಪಾರ್ಕಿಂಗ್ ಸಿಗಲ್ಲ. ಎರಡು ಕ್ರಾಸ್ ಒಳಗೆ ಹೋದರೆ ಸದ್ದೇ ಇಲ್ಲ. ಗೋಕುಲಂನಲ್ಲಿ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಹೆಸರಿನಿಂದ ಹೊರದೇಶದವರು ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ, ಹಾಗಾಗಿ ಹೋಂಸ್ಟೇ, ಕೆಫೆ ಜಾಸ್ತಿಯಾಗಿವೆ, ಬಾಡಿಗೆಯೂ ಏರಿದೆ. ಒಂದೇ ಬಡಾವಣೆಯಲ್ಲಿ ಬೀದಿಯಿಂದ ಬೀದಿಗೆ ಇಷ್ಟು ವ್ಯತ್ಯಾಸ ಇರುವಾಗ "ಗೋಕುಲಂ ಹೇಗೆ, ಕುವೆಂಪುನಗರ ಹೇಗೆ" ಅಂತ ಕೇಳೋದರಲ್ಲಿ ಅರ್ಥವಿಲ್ಲ. ಯಾವ ಮೇನು, ಎಷ್ಟನೇ ಕ್ರಾಸು ಅಂತ ಕೇಳಿ.

ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ರಸ್ತೆಗೆ ಯಾವ ಬಣ್ಣ ಹಾಕಿದ್ದಾರೆ ಅಂತಲೂ ನೋಡಿಸಿ. ಹಳದಿ ಅಂದರೆ ವಾಸದ ಪ್ರದೇಶ, ನೀಲಿ ಅಂದರೆ ವಾಣಿಜ್ಯ. ಹಳದಿಯಲ್ಲೂ ಅಂಗಡಿ ಬರುತ್ತವೆ, ಅದು ಬೇರೆ ಮಾತು. ಆದರೆ ನೀಲಿಯಲ್ಲಿ ಮನೆ ಕೊಂಡು ಆಮೇಲೆ ದೂರು ಕೊಟ್ಟರೆ ಯಾರೂ ಕೇಳಲ್ಲ.

ಕೈಲಾದರೆ ಅದೇ ಬಡಾವಣೆಯಲ್ಲಿ 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇದ್ದು ನೋಡಿ. ಬೆಂಗಳೂರಿನಿಂದ ಬರುವವರಿಗೆ ಇದನ್ನು ಖಂಡಿತ ಹೇಳುತ್ತೇನೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ವೀಕೆಂಡಿಗೆ ಬಂದು ಕಾಫಿ ಕುಡಿದು ಸೈಟ್ ನೋಡಿ ಅಡ್ವಾನ್ಸ್ ಕೊಟ್ಟು ಹೋಗುವವರೂ ಇದ್ದಾರೆ. ಬಾಡಿಗೆಗೆ ಇದ್ದರೆ ಇನ್ನೊಂದು ಲಾಭ: ಯಾವ ಮನೆ ಮಾರಾಟಕ್ಕೆ ಬರಲಿದೆ ಅನ್ನೋದು ಬ್ರೋಕರ್‌ಗಿಂತ ಮೊದಲು ಹಾಲಿನ ಬೂತಿನವರಿಗೆ, ಇಸ್ತ್ರಿ ಅಂಗಡಿಯವರಿಗೆ ಗೊತ್ತಿರುತ್ತದೆ. ಅವರ ಪರಿಚಯ ಇಟ್ಟುಕೊಳ್ಳಿ.

ಮನೆಯ ಒಳಗೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನೀವು ಎಷ್ಟೇ ನೋಡಿದರೂ ಒಬ್ಬ ಸಿವಿಲ್ ಎಂಜಿನಿಯರ್‌ನ ಕರೆದುಕೊಂಡು ಹೋಗಲೇಬೇಕು. ಹಳೇ ಮನೆಗಳಲ್ಲಿ ಬಹಳಷ್ಟಕ್ಕೆ ಪಿಲ್ಲರ್ ಇರಲ್ಲ, ಗೋಡೆಯೇ ಭಾರ ಹೊರುತ್ತದೆ. ಹಾಲ್ ದೊಡ್ಡದು ಮಾಡೋಣ ಅಂತ ನಡುಗೋಡೆ ಒಡೆಯೋಕೂ, ಮೇಲೆ ಎರಡು ಮನೆ ಕಟ್ಟಿ ಬಾಡಿಗೆಗೆ ಕೊಡೋಣ ಅಂತ ಲೆಕ್ಕ ಹಾಕೋಕೂ ಮೊದಲು ಅವರನ್ನು ಕೇಳಿ. ಸಜ್ಜದ ಅಡಿಯಲ್ಲಿ ಸಿಮೆಂಟ್ ಉದುರಿ ಕಂಬಿ ತುಕ್ಕು ಹಿಡಿದಿರೋದು, ತಾರಸಿಯ ಮೂಲೆಯಲ್ಲಿ ಸೋರಿದ ಕಲೆ, ಬಾಗಿಲ ಚೌಕಟ್ಟಿನಲ್ಲಿ ಗೆದ್ದಲು, ಇವು ಹೊಸ ಪೇಂಟಿನ ಹಿಂದೆ ಅಡಗಿರುತ್ತವೆ. ಮಾರಾಟಕ್ಕೆ ಮುಂಚೆ ಹೊಸದಾಗಿ ಬಣ್ಣ ಬಳಿದ ಮನೆಯನ್ನು ಇನ್ನೂ ಹುಷಾರಾಗಿ ನೋಡಿ. ವೈರಿಂಗ್, ನೀರಿನ ಪೈಪು ಪೂರ್ತಿ ಬದಲಾಯಿಸಬೇಕು ಅಂತ ಮೊದಲೇ ಬಜೆಟ್‌ನಲ್ಲಿ ಹಾಕಿಬಿಡಿ. ರೆಡ್ ಆಕ್ಸೈಡ್ ನೆಲ ಇದ್ದರೆ ಪುಣ್ಯ, ಅದರ ಮೇಲೆ ಟೈಲ್ಸ್ ಹಾಕಿಸಬೇಡಿ.

ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ, ಮಾರುವವರನ್ನಲ್ಲ. ಸಂಪು ಎಷ್ಟು ಲೀಟರ್‌ನದು ನೋಡಿ. ರಿಂಗ್ ರೋಡ್ ಆಚೆಯ ಹೊಸ ಖಾಸಗಿ ಬಡಾವಣೆಗಳು ಇನ್ನೂ ಸುಮ್ಮನಿವೆ, ರೇಟೂ ಕಮ್ಮಿ, ಆದರೆ ಅಲ್ಲಿ ಕಾವೇರಿ ನೀರೋ ಬೋರ್ ನೀರೋ, ಒಳಚರಂಡಿ ಎಲ್ಲಿಗೆ ಸೇರುತ್ತದೆ, ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗಳಿಗೆ ಉತ್ತರ ಸಿಗೋವರೆಗೆ ಬೆಲೆಯ ಮಾತೇ ಆಡಬೇಡಿ.

ಕಾಗದ ಪತ್ರ

ಇಲ್ಲಿ ಅವಸರ ಬೇಡ. ನಿಮ್ಮದೇ ವಕೀಲರು ಬೇಕು. ಮಾರುವವರ ವಕೀಲರಾಗಲಿ ಬ್ರೋಕರ್ ಪರಿಚಯದವರಾಗಲಿ ಬೇಡ. ಬ್ಯಾಂಕ್ ಲೋನ್ ಕೊಡುತ್ತಿದೆ ಅಂದರೆ ಎಲ್ಲ ಸರಿಯಿದೆ ಅಂತ ಕೂತುಕೊಳ್ಳಬೇಡಿ, ಬ್ಯಾಂಕಿನವರು ನೋಡೋದು ಅವರ ದುಡ್ಡಿಗೆ ಬೇಕಾದಷ್ಟು.

ಹಳೇ ಬಡಾವಣೆಯ ಮನೆಯ ಕಥೆ ಸಾಮಾನ್ಯವಾಗಿ ಹೀಗಿರುತ್ತದೆ. ತಂದೆಗೆ ಟ್ರಸ್ಟ್ ಬೋರ್ಡ್‌ನಿಂದಲೋ ಮುಡಾದಿಂದಲೋ ಸೈಟ್ ಹಂಚಿಕೆ ಆಗಿರುತ್ತದೆ. ಮೊದಲು ಲೀಸ್ ಕಂ ಸೇಲ್ ಕರಾರು, ಅಂದರೆ ಇಷ್ಟು ವರ್ಷ ಗುತ್ತಿಗೆ, ಆಮೇಲೆ ಮಾರಾಟ ಅನ್ನುವ ಕರಾರು; ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ. ಕೆಲವರು ಈ ಎರಡನೆಯದನ್ನು ಮಾಡಿಸದೇ ಬಿಟ್ಟಿರುತ್ತಾರೆ, "ಆಗಿದೆ ಬಿಡಿ" ಅನ್ನುತ್ತಾರೆ. ಕೈಯಲ್ಲಿ ಹಿಡಿದು ನೋಡುವವರೆಗೂ ಆಗಿಲ್ಲ ಅಂತಲೇ ತಿಳಿಯಿರಿ. ಸೈಟ್ ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರ) ಮೇಲೆ ಕೈ ಬದಲಾಗಿ ಬಂದಿದ್ದರೆ ಅಲ್ಲೇ ನಿಲ್ಲಿ. ಜಿಪಿಎ ಮೂಲಕ ಮಾರಾಟ ಅಂದರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಈಗ ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಮನೆಯಾದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಪಾಲಿದೆ. ತೀರಿಕೊಂಡವರ ತಾಯಿ ಆಗ ಬದುಕಿದ್ದರೆ ಅವರಿಗೂ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ತಂದೆಗಿಂತ ಮೊದಲೇ ತೀರಿಕೊಂಡ ಮಗನೋ ಮಗಳೋ ಇದ್ದರೆ ಆ ಪಾಲು ಅವರ ಮಕ್ಕಳಿಗೆ ಬರುತ್ತದೆ. ಮಗನಾಗಿದ್ದರೆ ಅವನ ಹೆಂಡತಿಗೂ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೇ ಅನ್ನುವ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರಿಸಿತು, ಬದುಕಿರಬೇಕಿಲ್ಲ. "ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ಅವಳದ್ದೇನೂ ತಕರಾರಿಲ್ಲ" ಅಂತ ತಮ್ಮ ಹೇಳಿದರೆ ನಗುತ್ತಲೇ ಒಪ್ಪಿ, ಆದರೆ ಅಕ್ಕನ ಸಹಿ ಬೇಕೇ ಬೇಕು ಅನ್ನಿ. ಸ್ಟಾಂಪ್ ಪೇಪರಿನ ಮೇಲೆ ನನಗೆ ಪಾಲು ಬೇಡ ಅಂತ ಬರೆದುಕೊಟ್ಟದ್ದು ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿರಬೇಕು. ಇಲ್ಲವೇ ಎಲ್ಲರೂ ಸೇರಿ ಕ್ರಯಪತ್ರಕ್ಕೇ ಸಹಿ ಹಾಕಲಿ, ಅದು ಇನ್ನೂ ಒಳ್ಳೆಯದು. ವಿಲ್ ಇದ್ದರೂ ಉಳಿದ ಮಕ್ಕಳನ್ನು ಒಪ್ಪಿಗೆ ಸಾಕ್ಷಿಗಳಾಗಿ ಸಹಿ ಹಾಕಿಸೋದು ಜಾಣತನ. ವಾರಸುದಾರರಲ್ಲಿ 18 ತುಂಬದವರು ಇದ್ದರೆ ಕೋರ್ಟಿನ ಅನುಮತಿಯ ವಿಷಯ ಬರುತ್ತದೆ, ವಕೀಲರು ಹೇಳುವವರೆಗೆ ಅಡ್ವಾನ್ಸ್ ಕೊಡಬೇಡಿ. ವಂಶವೃಕ್ಷ, ಮರಣ ಪ್ರಮಾಣಪತ್ರ ಎರಡನ್ನೂ ಕೇಳಿ, ವಂಶವೃಕ್ಷದ ಹೆಸರುಗಳನ್ನು ಆ ಬೀದಿಯ ಹಿರಿಯರೊಬ್ಬರ ಹತ್ತಿರ ಮಾತಿನ ನಡುವೆ ತಾಳೆ ನೋಡಿ. "ಅವರಿಗೆ ಇನ್ನೊಬ್ಬಳು ಮಗಳಿದ್ದಳಲ್ಲ, ದಾವಣಗೆರೆಗೆ ಕೊಟ್ಟಿದ್ದರು" ಅನ್ನುವ ಮಾತು ಯಾವ ದಾಖಲೆಯಲ್ಲೂ ಸಿಗಲ್ಲ.

ಮಗ ಅಮೆರಿಕದಲ್ಲಿದ್ದರೆ ಅಲ್ಲಿಂದಲೇ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದು ಭಾರತೀಯ ದೂತಾವಾಸದಲ್ಲಿ ದೃಢೀಕರಣ ಆಗಿ, ಇಲ್ಲಿಗೆ ಬಂದ ಮೂರು ತಿಂಗಳ ಒಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡಿರಬೇಕು. ಕ್ರಯದ ದಿನ ಆತ ಬದುಕಿದ್ದಾನೆ, ಅಧಿಕಾರ ವಾಪಸ್ ತೆಗೆದುಕೊಂಡಿಲ್ಲ ಅಂತ ಒಂದು ವಿಡಿಯೊ ಕಾಲ್‌ನಲ್ಲಾದರೂ ಖಚಿತ ಮಾಡಿಕೊಳ್ಳಿ.

ಋಣಭಾರ ಪತ್ರ, ಅಂದರೆ ಎಲ್ಲರೂ ಇಸಿ ಅನ್ನೋದು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಹುಡುಕಿಸಬೇಕು. 30 ವರ್ಷದ್ದಾದರೂ ಇರಲಿ. ಆದರೆ ಇಸಿಯಲ್ಲಿ ಎಲ್ಲವೂ ಕಾಣಲ್ಲ. ನೋಂದಣಿ ಆಗದ ಕರಾರು ಕಾಣಲ್ಲ. ಮುಖ್ಯವಾಗಿ ನೋಂದಣಿ ಮಾಡಿಸದ ಭೋಗ್ಯ ಕಾಣಲ್ಲ. ಮೇಲಿನ ಮನೆಯನ್ನು ಹತ್ತು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು ಆ ದುಡ್ಡು ಖರ್ಚು ಮಾಡಿಕೊಂಡಿದ್ದರೆ, ನೀವು ಕೊಂಡ ಮೇಲೆ ಭೋಗ್ಯದಾರರು ನಿಮ್ಮ ಮುಂದೆ ನಿಲ್ಲುತ್ತಾರೆ. ಬಾಡಿಗೆದಾರರನ್ನು ನೇರವಾಗಿ ಮಾತಾಡಿಸಿ, ಬಾಡಿಗೆಯೋ ಭೋಗ್ಯವೋ ಕೇಳಿ. ಖಾಲಿ ಮನೆ ಕೈಗೆ ಬಂದ ದಿನವೇ ಕೊನೆಯ ಕಂತು ಅಂತ ಕರಾರಿನಲ್ಲಿ ಬರೆಸಿ.

ಮಾರುವವರ ಹೆಸರಿನಲ್ಲಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸ್ ಇದೆಯಾ ಹುಡುಕಿಸಿ. ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ, ಇಲ್ಲದೆ ಈಗ ನೋಂದಣಿ ಮುಂದೆ ಹೋಗಲ್ಲ, ಅದು ಮಾರುವವರ ಕೆಲಸ, ಅವರೇ ಮಾಡಿಸಿಕೊಡಲಿ. ಇ-ಖಾತಾದಲ್ಲಿರುವ ಅಳತೆ, ಕ್ರಯಪತ್ರದ ಅಳತೆ, ನೆಲದ ಮೇಲಿನ ಅಳತೆ ಮೂರೂ ಒಂದೇ ಇರಬೇಕು. ಟೇಪ್ ಹಿಡಿದು ಅಳೆಸಿ. ಕನ್ಸರ್ವೆನ್ಸಿ ಗಲ್ಲಿಗೆ ಬಚ್ಚಲೋ ಶೆಡ್ಡೋ ಚಾಚಿರುವ ಮನೆಗಳಿವೆ, ಆ ಜಾಗಕ್ಕೆ ನೀವು ದುಡ್ಡು ಕೊಡಬೇಡಿ. ಎಲ್ಲ ಸರಿ ಅನ್ನಿಸಿದ ಮೇಲೂ ವಕೀಲರ ಮೂಲಕ ಮೈಸೂರು ಮಿತ್ರ ಅಥವಾ ಆಂದೋಲನದಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ತಕರಾರು ಇರುವವರು ಈಗಲೇ ಬರಲಿ.

ದುಡ್ಡಿನ ಲೆಕ್ಕ

ಒಂದು ಕೋಟಿಯ ಮನೆ ಅಂತಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್ ಸೇರಿ 5.6 ಲಕ್ಷ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದ್ದಾರೆ, ಅದು 2 ಲಕ್ಷ. ಒಟ್ಟು 7.6 ಲಕ್ಷ, ಇದಕ್ಕೆ ಸಾಮಾನ್ಯವಾಗಿ ಲೋನ್ ಸಿಗಲ್ಲ. ಜೊತೆಗೆ ಬ್ರೋಕರ್ ಕಮಿಷನ್, ವಕೀಲರ ಫೀಸು, ರಿಪೇರಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟೋದು ಕೊಳ್ಳುವವರ ಹೊಣೆ. ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಆಗಿದ್ದರೆ ಅವರ ಪಾಲಿಗೆ ಲೆಕ್ಕವೇ ಬೇರೆ, ಹಿಡಿಯಬೇಕಾದ ತೆರಿಗೆ ಇದಕ್ಕಿಂತ ತುಂಬಾ ಜಾಸ್ತಿ. ಹಿಡಿಯದೆ ಬಿಟ್ಟರೆ ಇಲಾಖೆ ಕೇಳೋದು ನಿಮ್ಮನ್ನು, ಅವರು ಅಷ್ಟು ಹೊತ್ತಿಗೆ ವಿಮಾನ ಹತ್ತಿರುತ್ತಾರೆ. ಒಬ್ಬ ಆಡಿಟರ್‌ನ ಮೊದಲೇ ಕೇಳಿ.

"ಅರ್ಧ ವೈಟು, ಅರ್ಧ ಬ್ಲ್ಯಾಕು" ಅನ್ನೋ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳೋದೇ ಕಾನೂನಿಗೆ ವಿರುದ್ಧ. ಅದೂ ಅಲ್ಲದೆ ನಾಳೆ ನೀವು ಮಾರುವಾಗ ಕೊಂಡ ಬೆಲೆ ಕಡಿಮೆ ತೋರಿಸಿದ್ದಕ್ಕೆ ತೆರಿಗೆ ನೀವೇ ಕಟ್ಟಬೇಕು.

ಸೇರಿದ ಮೇಲೆ

ನೋಂದಣಿ ಆದ ತಕ್ಷಣ ಖಾತೆ ಬದಲಾವಣೆ, ಚೆಸ್ಕಾಂನ ಕರೆಂಟ್ ಮೀಟರ್, ವಾಣಿವಿಲಾಸ ವಾಟರ್ ವರ್ಕ್ಸ್‌ನ ನೀರಿನ ಸಂಪರ್ಕ, ಮೂರನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಬಾಕಿ ಇಲ್ಲ ಅಂತ ಮೊದಲೇ ರಸೀದಿ ತೆಗೆದುಕೊಂಡಿರಿ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ.

ಸುಮ್ಮನಿರುವ ಬೀದಿಗೆ ಒಂದು ಅಪಾಯವೂ ಇದೆ, ಮಧ್ಯಾಹ್ನ ಎರಡಕ್ಕೆ ಕಳ್ಳ ಬಂದರೂ ನೋಡುವವರಿಲ್ಲ. ಗೇಟಿಗೆ ಲೈಟು, ಕ್ಯಾಮೆರಾ ಹಾಕಿಸಿ. ಊರಿಗೆ ಹೋಗುವಾಗ ಪೇಪರ್, ಹಾಲು ನಿಲ್ಲಿಸಿ, ಎದುರು ಮನೆಯವರಿಗೆ ಹೇಳಿ, ಠಾಣೆಗೂ ತಿಳಿಸಿ. ಎದುರು ಮನೆಯ ಆಂಟಿ ಯಾವಾಗಲೂ ಕಿಟಕಿಯಲ್ಲೇ ಇರುತ್ತಾರೆ ಅಂತ ಬೇಸರ ಮಾಡಿಕೊಳ್ಳಬೇಡಿ, ಅವರಷ್ಟು ಒಳ್ಳೆ ಸಿಸಿಟಿವಿ ಮಾರ್ಕೆಟ್‌ನಲ್ಲಿ ಸಿಗಲ್ಲ.

ಗೃಹಪ್ರವೇಶಕ್ಕೆ ಎರಡೂ ಪಕ್ಕದವರನ್ನು, ಎದುರಿನವರನ್ನು, ಹಿಂದಿನ ಬೀದಿಯಲ್ಲಿ ನಿಮ್ಮ ಕಾಂಪೌಂಡಿಗೆ ತಾಗಿರುವವರನ್ನು ಮನೆಗೆ ಹೋಗಿ ಕರೆಯಿರಿ, ವಾಟ್ಸಾಪ್ ಕಾರ್ಡ್ ಕಳಿಸಬೇಡಿ. ಮುಂದೆ ತೆಂಗಿನ ಗರಿ ಅವರ ಕಾರಿನ ಮೇಲೆ ಬಿದ್ದಾಗ, ಮಾವಿನ ಎಲೆ ಅವರ ಅಂಗಳ ತುಂಬಿದಾಗ ಮಾತು ಸುಲಭ ಆಗುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ ನಿಯಮ 2000ದಿಂದ ಇದೆ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಮೀರಿದರೆ 112ಕ್ಕೆ ಫೋನ್ ಮಾಡಬಹುದು. ಆದರೆ ಬೀದಿಯ ಹುಡುಗರ ಗಣಪತಿಗೆ ಚಂದಾ ಕೊಟ್ಟು, ಹತ್ತಕ್ಕೆ ನಿಲ್ಲಿಸ್ರಪ್ಪಾ ಅಂದರೆ ಬಹಳ ಸಲ ಫೋನೇ ಬೇಕಾಗಲ್ಲ.

ರಿಪೇರಿ ಶುರು ಮಾಡುವ ಮುಂಚೆ ಅಕ್ಕಪಕ್ಕದವರಿಗೆ ಎಷ್ಟು ದಿನದ ಕೆಲಸ ಅಂತ ಹೇಳಿ, ಮೇಸ್ತ್ರಿ ಹೇಳಿದ್ದಕ್ಕಿಂತ ಎರಡು ವಾರ ಜಾಸ್ತಿಯೇ ಹೇಳಿ. ಮರಳು, ಜಲ್ಲಿ ರಸ್ತೆಗೆ ಸುರಿಸಬೇಡಿ. ಮೇಸ್ತ್ರಿಗೆ ಒಂದು ಮಾತು ಖಡಾಖಂಡಿತ ಹೇಳಿಬಿಡಿ: ಮಧ್ಯಾಹ್ನ ಒಂದೂವರೆಯಿಂದ ಮೂರೂವರೆವರೆಗೆ ಡ್ರಿಲ್, ಟೈಲ್ಸ್ ಕಟರ್ ಮುಟ್ಟಬಾರದು. ಆ ಹೊತ್ತಿಗೆ ಬೀದಿಯ ಅರ್ಧ ಜನ ಊಟ ಮುಗಿಸಿ ಮಲಗಿರುತ್ತಾರೆ.